ಕರ್ಜಿಕಾಯಿ ಮುರಿದ ಬೆಳಿಗ್ಗೆ

2023ರ ಜೂನ್ ಮೊದಲ ವಾರದಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ನ್ಯೂಜೆರ್ಸಿಯವರೆಗೂ ಬಂದಿತ್ತು. ಹಾಡಹಗಲಲ್ಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಎಡಿಸನ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಕಿಟಕಿ ಮುಚ್ಚಿಕೊಂಡು ಕೂತಿದ್ದೆವು. ತಂಗಿಗೆ ಆಗ ನಾಲ್ಕನೇ ತಿಂಗಳು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಎರಡು ಕಟ್ಟಡ ಅಷ್ಟೇ. ಆದರೂ ಮಾಸ್ಕ್ ಹಾಕಿಸಿ ಕರೆದುಕೊಂಡು ಬಂದು ನಮ್ಮಲ್ಲೇ ಇಟ್ಟುಕೊಂಡಿದ್ದೆ. ಅವತ್ತು ಮಧ್ಯಾಹ್ನ ಹುಳಿ ಅನ್ನ ಕಲಸಿಕೊಂಡು ತಿನ್ನುತ್ತ, ತಲೆ ಎತ್ತದೆ ಕೇಳಿದಳು: "ಅಕ್ಕ, ನಾನೊಂದು ಜೆಂಡರ್ ರಿವೀಲ್ ಮಾಡ್ಲಾ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂಬುದನ್ನು ನೆಂಟರಿಷ್ಟರ ಮುಂದೆ ಬಣ್ಣದ ಮೂಲಕ ಬಯಲು ಮಾಡಿ ಸಂಭ್ರಮಿಸುವ ಈ ಕೂಟಗಳಿಗೆ ನಾನು ಅಮೆರಿಕಕ್ಕೆ ಬಂದ ಮೇಲೆ ಹೋಗಿದ್ದೇನೆ, ಚಪ್ಪಾಳೆಯನ್ನೂ ತಟ್ಟಿದ್ದೇನೆ. ಅವು ಬೇರೆಯವರ ಮನೆಯವು. ನಮ್ಮದು ಮಂಡ್ಯದ ಪಕ್ಕದ ಹಳ್ಳಿ. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ನಮ್ಮ ಕಡೆಯ ಪ್ರತಿ ಸ್ಕ್ಯಾನಿಂಗ್ ಸೆಂಟರಿನ ಗೋಡೆಯಲ್ಲೂ ಆ ಬೋರ್ಡು ಬಂದಿತ್ತು: ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. 1994ರಲ್ಲಿ ಆದ ಕಾನೂನು 1996ರಿಂದ ಜಾರಿಗೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ವೈದ್ಯರು ಮಾತಿನಲ್ಲಾಗಲಿ, ಸನ್ನೆಯಲ್ಲಾಗಲಿ, ಬೇರೆ ಯಾವ ರೀತಿಯಲ್ಲೇ ಆಗಲಿ ಅದನ್ನು ತಿಳಿಸುವಂತಿಲ್ಲ. ಬಸುರಿಯೂ ತನಗೆ ತಿಳಿಯಬೇಕಾಗಿಲ್ಲ ಎಂದು ಬರೆದು ಸಹಿ ಹಾಕಬೇಕು. ಆ ಪ್ರಶ್ನೆಯನ್ನು ಬಾಯಿಗೇ ತರಬಾರದು ಎಂದು ಕಲಿತು ಬೆಳೆದವಳು ನಾನು.

"ಯಾಕೆ ಬೇಕು ಅದು?" ಅಂದೆ.

"ಈ ಮನೇಲಿ ಒಂದು ದಿನ ಜನ ಸೇರಿ ನಗಬೇಕು ಅಕ್ಕ, ಅಷ್ಟೇ."

ಅವಳ ಗಂಡನ ಕೆಲಸ ಆ ವರ್ಷ ಏಪ್ರಿಲ್‌ನಲ್ಲಿ ಹೋಗಿತ್ತು. ಇಲ್ಲಿ ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಸಿಗುವ ಕಾಲಾವಕಾಶ 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಹುಡುಕಬೇಕು, ಇಲ್ಲವೆ ವೀಸಾ ಬದಲಿಸಬೇಕು, ಅದೂ ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ತಂಗಿಗೆ ತನ್ನದೇ ಕೆಲಸ, ತನ್ನದೇ ವೀಸಾ ಇದ್ದುದರಿಂದ ಅವನು ಅವಳ ಅವಲಂಬಿತನಾಗಿ ಬದಲಾಯಿಸಿಕೊಂಡ. ಮನೆ ನಿಂತಿತು, ಆದರೆ ಒಂದೇ ಸಂಬಳ. ಮಗುವಿನ ಸುದ್ದಿ ಬಂದ ಹೊತ್ತಿನಲ್ಲೇ ಇದೂ ಆದದ್ದರಿಂದ ಇಬ್ಬರೂ ಮನಸಾರೆ ಸಂತೋಷ ಪಟ್ಟದ್ದನ್ನು ನಾನು ನೋಡಿರಲಿಲ್ಲ. ಹಾಗಾಗಿ ಒಪ್ಪಿದೆ. ಒಪ್ಪುವಾಗಲೇ ನಾವಿಬ್ಬರೂ ಒಂದು ಮಿತಿ ಹಾಕಿಕೊಂಡೆವು: ಖರ್ಚು ನೂರು ಡಾಲರ್ ದಾಟಬಾರದು.

ಈ ಪದ್ಧತಿ ಬಹಳ ಹಳೆಯದೇನಲ್ಲ. 2008ರಲ್ಲಿ ಜೆನ್ನಾ ಕಾರ್ವುನಿಡಿಸ್ ಎಂಬ ಅಮೆರಿಕದ ಮಹಿಳೆ ಮನೆಯಲ್ಲೇ ಒಂದು ಕೇಕ್ ಕೊಯ್ದದ್ದರಿಂದ ಇದು ಶುರುವಾಯಿತು ಎಂದು ಹೇಳುತ್ತಾರೆ. ಕೇಕಿನ ಎರಡು ಪದರದ ನಡುವೆ ಗುಲಾಬಿ ಬಣ್ಣದ ಕೆನೆ ಇತ್ತು. ಆಕೆಗೆ ಅದಕ್ಕೆ ಮೊದಲು ಗರ್ಭಪಾತಗಳಾಗಿದ್ದವು. ಈ ಸಲ ಮಗು ಅಷ್ಟು ತಿಂಗಳು ಉಳಿದುಕೊಂಡಿದೆ ಎಂಬ ನೆಮ್ಮದಿಯಲ್ಲಿ ಮನೆಯವರನ್ನು ಸೇರಿಸಿ ಮಾಡಿದ್ದು ಅದು. ಅದನ್ನು ಓದಿದಾಗ ನನಗೆ ಆಕೆಯ ಮೇಲೆ ತುಂಬ ಅಕ್ಕರೆ ಬಂತು. ಮುಂದೆ 2019ರಲ್ಲಿ ಆಕೆಯೇ, ತಾನು ಶುರು ಮಾಡಿದ್ದು ಬೆಳೆದ ರೀತಿ ತನಗೆ ಸರಿಬರುತ್ತಿಲ್ಲ ಎಂದು ಬಹಿರಂಗವಾಗಿ ಬರೆದರು. ಅಂದು ಗುಲಾಬಿ ಕೆನೆಯಲ್ಲಿ ಘೋಷಿತಳಾದ ಆ ಮಗಳು ಸೂಟು ತೊಡಲು ಇಷ್ಟಪಡುವ ಹುಡುಗಿಯಾಗಿ ಬೆಳೆದಿದ್ದಳು.

ಬೆಳೆದ ರೀತಿ ನಿಜಕ್ಕೂ ಭಯ ಹುಟ್ಟಿಸುವಂಥದ್ದು. 2019ರಲ್ಲಿ ಅಯೋವಾದಲ್ಲಿ ಮನೆಯಲ್ಲೇ ತಯಾರಿಸಿದ ಸಿಡಿಮದ್ದಿನ ಸಾಧನ ಒಡೆದು, ಅದರ ಚೂರು ಬಡಿದು ಅದೇ ಕುಟುಂಬದ ಹಿರಿಯ ಹೆಂಗಸೊಬ್ಬರು ತೀರಿಕೊಂಡರು. 2020ರ ಸೆಪ್ಟೆಂಬರ್ 5ರಂದು ಕ್ಯಾಲಿಫೋರ್ನಿಯಾದ ಯುಕೈಪಾ ಹತ್ತಿರ ಬಣ್ಣದ ಹೊಗೆ ಬಿಡುವ ಸಾಧನದಿಂದ ಒಣಹುಲ್ಲಿಗೆ ಕಿಡಿ ತಾಗಿ, ಎಲ್ ಡೊರಾಡೊ ಎಂದು ಹೆಸರಾದ ಆ ಬೆಂಕಿ 22,000 ಎಕರೆಗೂ ಹೆಚ್ಚು ಸುಟ್ಟಿತು. ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಜೀವ ಕಳೆದುಕೊಂಡರು. ಕಿಟಕಿಯಾಚೆ ಕಿತ್ತಳೆ ಹೊಗೆ ತುಂಬಿದ್ದ ದಿನಗಳಲ್ಲಿ ಕೂತು ಇದನ್ನೆಲ್ಲ ಓದಿದ ಮೇಲೆ ಹೊಗೆ, ಪಟಾಕಿ, ಪುಡಿ ಹಾರಿಸುವ ಕೊಳವೆ ಯಾವುದೂ ಬೇಡ ಎಂದು ತೀರ್ಮಾನಿಸಲು ನಮಗೆ ಚರ್ಚೆಯೇ ಬೇಕಾಗಲಿಲ್ಲ. ಬಲೂನಿನ ಕಮಾನು, ಬಾಡಿಗೆಯ ಹಿನ್ನೆಲೆ ಪರದೆ, ಹೇಳಿ ಮಾಡಿಸಿದ ಕೇಕು ಇವೂ ಹೋದವು. ಆ ಕೇಕೊಂದಕ್ಕೇ ನಮ್ಮ ನೂರು ಡಾಲರ್ ಸಾಲದು.

ಉಳಿದದ್ದೇನು? ಜನ ಉಳಿದರು. ನಮ್ಮ ಕೈಯಲ್ಲಿ ಧಾರಾಳವಾಗಿ ಇದ್ದದ್ದು ಅದೊಂದೇ.

ಅಪಾರ್ಟ್‌ಮೆಂಟಿನ ಹಿಂದೆ ಒಂದು ಹುಲ್ಲುಹಾಸಿದೆ, ಅದಕ್ಕೆ ಬಾಡಿಗೆ ಇಲ್ಲ. ಆಫೀಸಿಗೆ ಮೊದಲೇ ಹೇಳಿದರೆ ಸಾಕು. ಬೇಲಿಗೆ ಅವ್ವನ ಎರಡು ಹಳೇ ರೇಷ್ಮೆ ಸೀರೆ ಕಟ್ಟಿದೆವು. ಪಕ್ಕದ ಮನೆಯ ಗುಜರಾತಿ ಹಿರಿಯಾಕೆ, ನಾವು 'ಬಾ' ಎಂದು ಕರೆಯುವವರು, ತಮ್ಮ ಬಾಲ್ಕನಿಯ ಕುಂಡಗಳಲ್ಲಿ ಚೆಂಡುಹೂ ಬೆಳೆಸಿದ್ದರು. "ಎಷ್ಟು ಬೇಕೋ ಕಿತ್ತುಕೋ" ಅಂದರು. ಡಾಲರ್ ಟ್ರೀ ಅಂಗಡಿಯಲ್ಲಿ ತಲಾ 1.25 ಡಾಲರಿಗೆ ಮೇಜಿನ ಹಾಸು, ಕಾಗದದ ತಟ್ಟೆ ತಂದೆವು. ಕರೆಯೋಲೆ ವಾಟ್ಸಾಪ್‌ನಲ್ಲಿ ಹೋಯಿತು. ಅದರಲ್ಲಿ ಉಡುಗೊರೆ ಬೇಡ ಎಂದು ಸ್ಪಷ್ಟವಾಗಿ ಬರೆದು, ಎರಡು ಬೇಡಿಕೆ ಇಟ್ಟೆವು. ಒಂದು, ಮನೆಯಲ್ಲಿ ಮಾಡಿದ ಏನಾದರೊಂದು ತಿಂಡಿ. ಇನ್ನೊಂದು, ತಮ್ಮ ಮಕ್ಕಳಿಗೆ ಚಿಕ್ಕದಾದ ಬಟ್ಟೆ. ಯಾವ ಮಗು ಎಂದು ಯಾರಿಗೂ ಗೊತ್ತಿಲ್ಲದ್ದರಿಂದ ಜನ ಬಣ್ಣ ನೋಡಿ ಆರಿಸುವ ಹಾಗಿರಲಿಲ್ಲ. ನೀಲಿ, ಗುಲಾಬಿ, ಹಸಿರು, ಬೂದು, ಟ್ರ್ಯಾಕ್ಟರ್ ಚಿತ್ರದ್ದು, ಜಾಲರಿಯ ಅಂಚಿನದ್ದು ಎಲ್ಲವೂ ಬಂದವು. ಆ ಒಂದು ಸಾಲು ಬರೆದದ್ದಕ್ಕೆ ಮಗುವಿನ ಮೊದಲ ವರ್ಷದ ಬಟ್ಟೆಯ ಖರ್ಚೇ ಉಳಿಯಿತು.

ಬಂದವರನ್ನು ಒಳಗೊಳ್ಳುವುದು ಹೇಗೆ ಎಂಬುದು ನಿಜವಾದ ಪ್ರಶ್ನೆಯಾಗಿತ್ತು. ಇಲ್ಲಿಯ ವಾಡಿಕೆ ಎಂದರೆ ಎರಡು ತಂಡ. ಬಂದವರು ನೀಲಿ ಬಿಲ್ಲೆಯನ್ನೋ ಗುಲಾಬಿ ಬಿಲ್ಲೆಯನ್ನೋ ಎದೆಗೆ ಚುಚ್ಚಿಕೊಳ್ಳುತ್ತಾರೆ, ಊಹೆ ಹೇಳುತ್ತಾರೆ. ಬಯಲಾದಾಗ ಒಂದು ತಂಡ ಗೆದ್ದು ಕುಣಿಯುತ್ತದೆ, ಇನ್ನೊಂದು "ಅಯ್ಯೋ" ಎನ್ನುತ್ತದೆ. ತಮಾಷೆಯ "ಅಯ್ಯೋ"ವೇ ಇರಬಹುದು. ಆದರೆ ನಮ್ಮವ್ವನ ಮೂರು ಹೆರಿಗೆಯಲ್ಲೂ ಆ "ಅಯ್ಯೋ" ಬಂದಿತ್ತು, ತಮಾಷೆಗಲ್ಲ. ನಾವು ಮೂವರೂ ಹೆಣ್ಣು. ಕೊನೆಯವಳು ಹುಟ್ಟಿದಾಗ ಅಜ್ಜಿ ನಾಮಕರಣದವರೆಗೂ ಮುಖ ನೋಡಲು ಬರಲಿಲ್ಲ. ಆಗ ನನಗೆ ಹತ್ತು ವರ್ಷ, ಚೆನ್ನಾಗಿ ನೆನಪಿದೆ. ಆ ಕೊನೆಯವಳೇ ಈಗ ಬಸುರಿ. ಅವಳ ಮಗುವಿನ ಬಗ್ಗೆ ಸೋತೆವೆಂದು ಹೇಳುವ ತಂಡವೊಂದು ಆ ಹುಲ್ಲುಹಾಸಿನ ಮೇಲೆ ಇರಕೂಡದು ಎಂದು ನಾನು ಪಟ್ಟು ಹಿಡಿದೆ.

ಪರ್ಯಾಯವನ್ನು ಹೇಳಿದವನು ತಂಗಿಯ ಗಂಡ. ಆ ತಿಂಗಳುಗಳಲ್ಲಿ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. "ಊಹೆ ಯಾಕೆ ಕೇಳ್ಬೇಕು, ಬಂದೋರು ಏನಾದ್ರೂ ಕೊಟ್ಟು ಹೋಗ್ಲಿ" ಅಂದ. "ದುಡ್ಡಲ್ಲ. ನಾನು ಈ ಮಗುವಿಗೆ ಏನು ಕಲಿಸ್ತೀನಿ ಅಂತ ಒಂದೊಂದು ಚೀಟಿ ಬರೀಲಿ. ಬಣ್ಣ ಗೊತ್ತಾಗೋಕೆ ಮುಂಚೆ ಬರೀಬೇಕು. ಆಮೇಲೆ ಬದಲಾಯಿಸೋ ಹಾಗಿಲ್ಲ." ನಮ್ಮ ಇಡೀ ಕೂಟ ನಿಂತದ್ದು ಈ ಮಾತಿನ ಮೇಲೆ.

ಬಣ್ಣಗಳ ವಿಷಯಕ್ಕೆ ಬಂದರೆ, ಗುಲಾಬಿ ಹೆಣ್ಣಿಗೆ ನೀಲಿ ಗಂಡಿಗೆ ಎಂಬುದು ಅಮೆರಿಕದಲ್ಲೂ ಇಪ್ಪತ್ತನೇ ಶತಮಾನದಲ್ಲಿ ನೆಲೆಯೂರಿದ ರೂಢಿ. ನಮಗೆ ಅದನ್ನು ಹೊರುವ ಅಗತ್ಯವೇ ಇರಲಿಲ್ಲ. ಅರಿಶಿನ, ಕುಂಕುಮ ಎರಡೂ ಒಂದೇ ತಟ್ಟೆಯಲ್ಲಿ ಇರುವಂಥವು, ಒಂದಿಲ್ಲದೆ ಇನ್ನೊಂದನ್ನು ಯಾರೂ ಕೊಡುವುದಿಲ್ಲ. ಹೆಣ್ಣಾದರೆ ಕೆಂಪು, ಗಂಡಾದರೆ ಹಳದಿ ಎಂದು ಗೊತ್ತು ಮಾಡಿಕೊಂಡೆವು. ಕೇಕಿನ ಬದಲು ಕರ್ಜಿಕಾಯಿ. ಕಡುಬನ್ನೂ ಯೋಚಿಸಿದ್ದೆ, ಆದರೆ ಆವಿಯಲ್ಲಿ ಬೆಂದ ಅಕ್ಕಿಹಿಟ್ಟಿನ ಕಣಕ ತೆಳ್ಳಗಿದ್ದು ಒಳಗಿನ ಬಣ್ಣ ಹೊರಗೆ ಕಂಡುಬಿಡುತ್ತದೆ. ಕರ್ಜಿಕಾಯಿ ಗುಟ್ಟು ಬಿಡುವುದಿಲ್ಲ. ಬಂದವರೆಲ್ಲರ ಕೈಗೂ ಒಂದೊಂದು ಕೊಟ್ಟು, ಎಲ್ಲರೂ ಒಟ್ಟಿಗೇ ಮುರಿಯುವುದು. ಯಾರೋ ಇಬ್ಬರು ನಡುವೆ ನಿಂತು ಬಲೂನು ಒಡೆಯುವುದು, ಉಳಿದವರು ಫೋನ್ ಹಿಡಿದು ನೋಡುವುದು ನಮಗೆ ಬೇಡವಾಗಿತ್ತು.

ಜುಲೈ ಮಧ್ಯದಲ್ಲಿ, ಇಪ್ಪತ್ತನೇ ವಾರದ ಸ್ಕ್ಯಾನಿಂಗಿಗೆ ನಾನೇ ತಂಗಿಯ ಜೊತೆ ಹೋದೆ. ಆ ಸ್ಕ್ಯಾನ್ ಇರುವುದು ಮಗುವಿನ ಹೃದಯ, ಬೆನ್ನುಮೂಳೆ, ಮೂತ್ರಪಿಂಡ ಎಲ್ಲ ಸರಿಯಾಗಿ ಬೆಳೆದಿವೆಯೇ ಎಂದು ನೋಡಲಿಕ್ಕೆ. ಅದನ್ನು ಈ ಸಂಭ್ರಮದ ಗದ್ದಲದಲ್ಲಿ ಮರೆಯುವವರೇ ಜಾಸ್ತಿ. ಇನ್ನೂ ಮೊದಲೇ, ಹತ್ತನೇ ವಾರದಿಂದಾಚೆಗೆ, ತಾಯಿಯ ರಕ್ತಪರೀಕ್ಷೆಯಲ್ಲೂ ಲಿಂಗ ತಿಳಿಯುತ್ತದೆ. ತಂಗಿ ಆ ಪರೀಕ್ಷೆ ಮಾಡಿಸಿದ್ದರೂ ಆ ಒಂದು ವಿವರ ತನಗೆ ಬೇಡ ಎಂದಿದ್ದಳು. ಯಂತ್ರದ ಮುಂದೆ ಕೂತ ಹುಡುಗಿ ಒಂದೊಂದೇ ಅಂಗವನ್ನು ಅಳೆದು, ಎಲ್ಲ ಮುಗಿದ ಮೇಲೆ, "ನಿಮಗೆ ತಿಳಿಯಬೇಕಾ, ಅಥವಾ ಲಕೋಟೆಯಲ್ಲಿ ಇಡಲಾ?" ಎಂದು ಸಹಜವಾಗಿ ಕೇಳಿದಳು. ಅದೇ ಯಂತ್ರ, ಪರದೆಯ ಮೇಲೆ ಅದೇ ಕಪ್ಪುಬಿಳುಪು ಚಿತ್ರ. ನಮ್ಮೂರಿನಲ್ಲಿ ಈ ಮಾತಾಡಿದ್ದರೆ ಆ ಹುಡುಗಿ ಜೈಲಿಗೆ ಹೋಗುತ್ತಿದ್ದಳು. ಅದು ಹಾಗೇ ಇರಬೇಕು ಎಂದು ಆ ಕೋಣೆಯಲ್ಲಿ ಕೂತಾಗಲೂ ನನಗೆ ಅನಿಸಿತು. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರ ಜನಗಣತಿಯಲ್ಲಿ ಅದು 946ಕ್ಕೆ ಇಳಿಯಿತು, 2011ರಲ್ಲೂ 948. ಆ ಇಳಿತದ ಹಿಂದೆ ಇದೇ ಯಂತ್ರವಿದೆ.

ಲಕೋಟೆಯನ್ನು ಆ ಹುಡುಗಿ ನನ್ನ ಕೈಗೆ ಕೊಟ್ಟಳು. ಕೂಟದ ಹಿಂದಿನ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲಿ ಬಿಡಿಸಿ ನೋಡಿದೆ. ಚಿಕ್ಕ ಕಾಗದ, ಒಂದೇ ಪದ. ಗಂಡು.

ಪಟೇಲ್ ಬ್ರದರ್ಸ್ ದಿನಸಿ ಅಂಗಡಿಯಿಂದ ಕೊಬ್ಬರಿ, ಹುರಿಗಡಲೆ, ಚಿರೋಟಿ ರವೆ, ಗಸಗಸೆ ತರುವಾಗ ಕೆಂಪು ಬಣ್ಣಕ್ಕೆಂದು ಬೀಟ್‌ರೂಟನ್ನೂ ತಂದಿಟ್ಟಿದ್ದೆ. ಇಲ್ಲದಿದ್ದರೆ ಫ್ರಿಜ್ ನೋಡಿದವರಿಗೇ ತಿಳಿದುಬಿಡುತ್ತಿತ್ತು. ಕೊಬ್ಬರಿ ತುರಿಯನ್ನು ಚಿಟಿಕೆ ಅರಿಶಿನ ಹಾಕಿ, ಒಂದು ಹನಿ ತುಪ್ಪದಲ್ಲಿ ಬಾಣಲೆಯಲ್ಲಿ ಕೈಯಾಡಿಸಿದೆ. ಅರಿಶಿನ ಹೆಚ್ಚಾದರೆ ಕಹಿ, ಕಡಿಮೆಯಾದರೆ ಬಣ್ಣ ಮಂಕು. ಏಲಕ್ಕಿ ತುಸು ಜಾಸ್ತಿಯೇ ಹಾಕಬೇಕಾಯಿತು. ಕಣಕಕ್ಕೆ ಚಿರೋಟಿ ರವೆಯ ಜೊತೆ ಮೈದಾ, ಕಾಯಿಸಿದ ತುಪ್ಪ. ಅಂಚು ಒತ್ತುವುದೇ ದೊಡ್ಡ ಕೆಲಸ. ಹೆಬ್ಬೆರಳಿನಿಂದ ಒತ್ತಿ, ಮಡಿಸಿ, ಮತ್ತೆ ಒತ್ತಿ ಜಡೆ ಹೆಣೆದ ಹಾಗೆ ಮುಚ್ಚಬೇಕು. ಎಣ್ಣೆಯಲ್ಲಿ ಒಂದು ಬಾಯಿಬಿಟ್ಟರೂ ಸಾಕು, ಎಣ್ಣೆಯೆಲ್ಲ ಹಳದಿಯಾಗಿ ಉಳಿದವಕ್ಕೂ ಬಣ್ಣ ಹತ್ತುತ್ತದೆ. ಸಣ್ಣ ಉರಿಯಲ್ಲಿ ನಾಲ್ಕು ನಾಲ್ಕೇ ಕರಿದು, ಆರಿಸಿ, ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳಕ್ಕೆ ಟೇಪ್ ಹಾಕಿದಾಗ ಬೆಳಗಿನ ಜಾವ. ಬೀಟ್‌ರೂಟನ್ನು ಪಲ್ಯ ಮಾಡಿದೆ. ಅದು ಮೇಜಿನ ಮೇಲೆ ಕಂಡಾಗ ಜನ ಅದರಲ್ಲೂ ಸುಳಿವು ಹುಡುಕಿದರು.

ಕೂಟವನ್ನು ಬೆಳಿಗ್ಗೆ ಹತ್ತೂವರೆಗೆ ಇಟ್ಟದ್ದು ಅವ್ವನಿಗಾಗಿ. ಆಗ ಮಂಡ್ಯದಲ್ಲಿ ರಾತ್ರಿ ಎಂಟು. ಆದರೆ ವಿಡಿಯೊ ಕರೆಗೆ ಅವ್ವ ಮೊದಲೇ ಒಂದು ಶರತ್ತು ಹಾಕಿದ್ದರು.

"ಚೀಟಿ ಬರ್ಯೋದು, ಆರ್ತಿ ಎತ್ತೋದು ಎಲ್ಲಾ ನೋಡ್ತೀನಿ ಕಣವ್ವ. ಕರ್ಜಿಕಾಯ್ ಮುರಿಯೋ ಹೊತ್ಗೆ ನಾನು ಫೋನ್ ಮಡಗ್ತೀನಿ. ಹೆರಿಗೆ ಆಗೋಗಂಟ ನಂಗೆ ಹೇಳ್ಬ್ಯಾಡಿ."

"ಯಾಕವ್ವ? ನಿನ್ನ ಮಗಳ ಮಗು."

"ನಂಗೆ ಗೊತ್ತಾದ್ರೆ ನಿಮ್ ದೊಡ್ಡವ್ವಂಗೆ ಗೊತ್ತಾಯ್ತದೆ, ಅವ್ಳಿಗೆ ಗೊತ್ತಾದ್ರೆ ಊರ್ಗೇ ಗೊತ್ತಾಯ್ತದೆ. ಹುಟ್ಟೋಕ್ ಮುಂಚೆ ಆ ಮಗೀನ ಇಲ್ಲಿ ಯಾರೂ ತೂಗೋದು ಬ್ಯಾಡ."

ತಂಗಿಗೆ ಸ್ವಲ್ಪ ಬೇಸರವಾಯಿತು. ನನಗೆ ಅವ್ವ ಹೇಳಿದ್ದು ಸರಿ ಅನಿಸಿತು, ಈಗಲೂ ಸರಿಯೇ ಅನಿಸುತ್ತದೆ.

ಬಂದವರು ಮೂವತ್ತರ ಆಸುಪಾಸು, ಮಕ್ಕಳೂ ಸೇರಿ. ಚಿತ್ರಾನ್ನ, ಕೋಸಂಬರಿ, ಢೋಕ್ಲಾ, ಗೊಂಗುರ ಚಟ್ನಿ, ಪೋರ್ಟೊರಿಕೊ ಕಡೆಯ ನೆರೆಮನೆಯಾಕೆ ತಂದ ತೊಗರಿಕಾಳಿನ ಅನ್ನ. ನಮ್ಮ ಅವರೆಕಾಳಿನ ಉಪ್ಪಿಟ್ಟು ತಿಂದು ಆಕೆ, ಆಕೆಯ ತೊಗರಿಕಾಳಿನ ಅನ್ನ ತಿಂದು ನಾವು, ಪಾಕವಿಧಾನ ಬರೆದುಕೊಂಡೆವು. ತಂಗಿಯ ಮ್ಯಾನೇಜರ್ ಗಂಡ ಮಕ್ಕಳ ಸಮೇತ ಬಂದಿದ್ದರು. ಊಟಕ್ಕೆ ಮೊದಲು ತಂಗಿಗೆ ಆರತಿ ಎತ್ತಿದೆವು, ಅದು ಬೇಕೆಂದು ಅವಳೇ ಕೇಳಿದ್ದಳು. ಆಮೇಲೆ ಚೀಟಿ.

ಆ ಅರ್ಧ ಗಂಟೆ ಹೇಗಿತ್ತೆಂದು ಸಾವಕಾಶವಾಗಿ ಹೇಳಬೇಕು. ಮೊದಲು ಎಲ್ಲರೂ ನಕ್ಕು ಏನೋ ಒಂದು ಗೀಚಲು ಹೊರಟರು. ಪೆನ್ನು ಕೈಗೆ ಬಂದ ಮೇಲೆ ನಿಧಾನವಾದರು. ನಿಜವಾಗಿ ನನಗೆ ಕಲಿಸಲು ಬರುವುದೇನು ಎಂದು ಯೋಚಿಸತೊಡಗಿದರು. ಬಾ ಅವರ ಯಜಮಾನರು, ವರ್ಷಗಟ್ಟಲೆ ಅಂಗಡಿ ನಡೆಸಿದವರು, ಕ್ಯಾಲ್ಕುಲೇಟರ್ ಇಲ್ಲದೆ ಲೆಕ್ಕ ಮಾಡಲು ಕಲಿಸುವುದಾಗಿ ಬರೆದರು. ಪೋರ್ಟೊರಿಕೊದ ನೆರೆಯಾಕೆ, ಈಜು. ತೆಲುಗು ಹುಡುಗನೊಬ್ಬ, ಲೆಗ್ ಸ್ಪಿನ್. ಹಾಸನದ ಗೆಳತಿಯ ಗಂಡ, ಹೋಳಿಗೆ ತಟ್ಟುವುದು. ಅವರ ಮನೆಯಲ್ಲಿ ಹೋಳಿಗೆ ಅವರದೇ ಕೈಯಡುಗೆ. ಹದಿಮೂರು ವರ್ಷದ ನನ್ನ ಮಗಳು ಬರೆದದ್ದು: "ಯಾರಾದರೂ ತಳ್ಳಿದರೆ ತಳ್ಳಬೇಡ ಅಂತ ಗಟ್ಟಿಯಾಗಿ ಹೇಳೋದು ಕಲಿಸ್ತೀನಿ."

ಗೆಳತಿಯೊಬ್ಬಳ ತಾಯಿ ತುಮಕೂರು ಕಡೆಯಿಂದ ಬಂದಿದ್ದರು, ಮಗಳ ಮನೆಗೆ ಆರು ತಿಂಗಳಿಗೆ. ಆರತಿ ಮಾಡುವಾಗಲೇ ತಂಗಿಯ ತಲೆ ಸವರಿ "ಗಂಡಾಗಲಿ ತಾಯಿ" ಎಂದು ಹರಸಿದ್ದರು. ಅದು ಅವರ ಬಾಯಿಗೆ ಬರುವ ಅತಿ ಒಳ್ಳೆಯ ಮಾತು ಎಂಬುದು ನನಗೆ ಗೊತ್ತು. ಬರೆಯಲು ಬಾರದ ಅವರ ಪಕ್ಕ ನಾನು ಚೀಟಿ ಹಿಡಿದು ಕೂತೆ. "ಗಂಡಾಗ್ಲಿ ಅಂತ್ಲೇ ಬರಿಯವ್ವ" ಅಂದರು.

"ಅಮ್ಮ, ಅದಲ್ಲ. ಮಗು ನಿಮ್ಮ ಹತ್ರ ಬಂದು ಕೂತ್ರೆ ನೀವೇನು ಹೇಳ್ಕೊಡ್ತೀರಿ?"

ಸ್ವಲ್ಪ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡರು. "ಹೂ ಕಟ್ಟೋದು. ಬಾಳೆನಾರಲ್ಲಿ. ದಾರ ಅಲ್ಲ, ಬಾಳೆನಾರು." ನಾನು ಬರೆದುಕೊಳ್ಳುತ್ತಿದ್ದಂತೆ ನನ್ನ ಕೈ ಹಿಡಿದರು. "ಅಲ್ಲ, ಗಂಡಾದ್ರೆ?" ನಾನು ಉತ್ತರ ಕೊಡಲಿಲ್ಲ. ಅವರೇ ಯೋಚಿಸಿ ಹೇಳಿದರು: "ಗಂಡಾದ್ರೂ ಕಟ್ಲಿ ಬಿಡು. ನಮ್ಮೂರ ಹೂವಾಡಿಗರ ಮನೇಲಿ ಗಂಡಸ್ರೇ ಎಷ್ಟು ಚೆನ್ನಾಗಿ ಕಟ್ತಾರೆ! ಬರಿ, ಬರಿ."

ಆ ಚೀಟಿ ಡಬ್ಬಿಗೆ ಬಿತ್ತು. ಅವ್ವ ಫೋನಿನಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ತಮ್ಮ ಚೀಟಿಯನ್ನೂ ಬರೆಸಿದರು. ಅವರದು ಗದ್ದೆಯ ಬದುವಿನ ಮೇಲೆ ಕಾಲು ಜಾರದೆ ನಡೆಯುವುದು. ನಂತರ "ಸರಿ, ನೀವು ಮುರ್ಕಳಿ, ನಾನು ಮಡಗ್ತೀನಿ" ಎಂದು ಕರೆ ಕಡಿದರು.

ಡಬ್ಬಿಯ ಟೇಪ್ ಬಿಚ್ಚಿ ಮಕ್ಕಳ ಕೈಯಲ್ಲಿ ಕರ್ಜಿಕಾಯಿ ಹಂಚಿಸಿದೆ. ಎಲ್ಲರಿಗೂ ಕನ್ನಡದಲ್ಲಿ ಒಂದು, ಎರಡು, ಮೂರು ಎಣಿಸಲು ನನ್ನ ಮಗಳು ಕಲಿಸಿದಳು. ಮೂರು ಅಂದಾಗ ಒಟ್ಟಿಗೇ ಮುರಿದ ಸದ್ದು, ಆಮೇಲೆ ಹುಲ್ಲಿನ ಮೇಲೆಲ್ಲ ಹಳದಿ ಪುಡಿ, ದೊಡ್ಡ ಕೂಗು. ತಂಗಿ ಕರ್ಜಿಕಾಯಿ ಕೈಯಲ್ಲಿ ಹಿಡಿದೇ ಅತ್ತಳು. ಅವಳ ಗಂಡ ಅದನ್ನು ಬಾಯಿಗೆ ಹಾಕಿಕೊಂಡು, ನಗುತ್ತ, ಹಳದಿ ಕೈಯಲ್ಲೇ ಅವಳ ಕಣ್ಣು ಒರೆಸಿದ. ಅವನು ಆ ವರ್ಷ ಹಾಗೆ ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ.

ರಾತ್ರಿಯಿಂದ ಗುಟ್ಟು ಹೊತ್ತಿದ್ದ ನಾನು ಆ ಕೂಗನ್ನು ಬಹಳ ಗಮನವಿಟ್ಟು ಕೇಳಿದೆ. ಕೆಂಪು ಬಂದಿದ್ದರೂ ಇಷ್ಟೇ ಜೋರಾಗಿ ಇರುತ್ತಿತ್ತೇ? ಬಂದವರಲ್ಲಿ ಬಹುಪಾಲು ಜನರ ಬಗ್ಗೆ ನಾನು ಹೌದೆಂದು ಎದೆ ತಟ್ಟಿ ಹೇಳಬಲ್ಲೆ. ಎಲ್ಲರ ಬಗ್ಗೆ ಹೇಳಲಾರೆ. ಆದರೆ ಚೀಟಿಗಳು ಆಗಲೇ ಡಬ್ಬಿಯಲ್ಲಿದ್ದವು, ಕೂಗಿನಿಂದ ಅವುಗಳಲ್ಲಿ ಒಂದಕ್ಷರವೂ ಬದಲಾಗುವಂತಿರಲಿಲ್ಲ. ಹಣ ಇಲ್ಲದ್ದರಿಂದ ನಮಗೆ ಸಿಕ್ಕಿದ ದೊಡ್ಡ ಲಾಭ ಅದು. ನೂರು ಡಾಲರಿನಲ್ಲಿ ಸ್ವಲ್ಪ ಉಳಿದೂ ಇತ್ತು.

ಅಕ್ಟೋಬರಿನಲ್ಲಿ ಅವ್ವ ಬಾಣಂತನಕ್ಕೆ ಬಂದರು. ಶುಂಠಿ, ಅಳಲೆಕಾಯಿ, ಬಜೆ, ಹಳೇ ಪಂಚೆಯ ತುಂಡುಗಳು ಎಲ್ಲ ತಂದಿದ್ದರು. ಯಾವ ಮಗುವೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ತೊಟ್ಟಿಲ ಬಟ್ಟೆಗಳ ರಾಶಿ ನೋಡಿದರೂ ಅವರಿಗೆ ತಿಳಿಯುವಂತಿರಲಿಲ್ಲ.

ನವೆಂಬರಿನಲ್ಲಿ ಆ ಸುದ್ದಿ ಬಂತು. ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಭ್ರೂಣಲಿಂಗ ಪತ್ತೆ ಮಾಡಿ ಹೆಣ್ಣು ಭ್ರೂಣಗಳನ್ನು ತೆಗೆಸುತ್ತಿದ್ದ ಜಾಲವೊಂದನ್ನು ಹಿಡಿದಿದ್ದರು. ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಮಂಡ್ಯದ ಹತ್ತಿರದ ಒಂದು ಆಲೆಮನೆಯಲ್ಲಿ. ಕಳೆದುಹೋದವು ನೂರಾರು ಎಂದು ಪೊಲೀಸರು ಹೇಳಿದ್ದರು. ಆಲೆಮನೆ ಎಂದರೆ ನಮಗೆ ಶಾಲೆ ಬಿಟ್ಟ ಮೇಲೆ ಓಡಿಹೋಗಿ ಬಿಸಿ ಬೆಲ್ಲ ನೆಕ್ಕುತ್ತಿದ್ದ ಜಾಗ. ಕೊಪ್ಪರಿಗೆ ಕುದಿಯುವ ಹೊಗೆಯಲ್ಲಿ, ಯಾರಿಗೂ ಸಂಶಯ ಬಾರದ ಕಡೆ, ಆ ಯಂತ್ರ ಇಟ್ಟಿದ್ದರು.

ಫೋನಿನಲ್ಲಿ ಆ ಸುದ್ದಿ ನೋಡುತ್ತ ಕೂತಿದ್ದ ಅವ್ವ, ತುಂಬಿದ ಬಸುರಿಯಾದ ತಂಗಿಯನ್ನೂ ನನ್ನನ್ನೂ ಹತ್ತಿರ ಕರೆದು, ಅದುವರೆಗೂ ಹೇಳದಿದ್ದ ಮಾತೊಂದನ್ನು ಹೇಳಿದರು. 1992ರ ಮಳೆಗಾಲ. ಮೂರನೆಯದು ಹೊಟ್ಟೆಯಲ್ಲಿತ್ತು. ಪಟ್ಟಣದಲ್ಲಿ ಮಿಷಿನು ಬಂದಿದೆ, ಹೋಗಿ ನೋಡಿಸಿಕೊಂಡು ಬಾ, ಹೆಣ್ಣಾದರೆ ಅಲ್ಲೇ ಮುಗಿಸಿಕೊಂಡು ಬರಬಹುದು ಎಂದು ಮನೆಯಲ್ಲಿ ಒತ್ತಾಯ. ಆಗಿನ್ನೂ ಈ ಕಾನೂನಿರಲಿಲ್ಲ. ಎದುರು ಮಾತಾಡುವ ಸ್ಥಿತಿಯಲ್ಲಿ ಅವ್ವ ಇರಲಿಲ್ಲ. "ಕಾಲುವೇಲಿ ನೀರು ಬುಟ್ಟವ್ರೆ, ನಾಟಿ ಮುಗೀಲಿ, ಹೋಗ್ತೀನಿ ಅಂದೆ. ನಾಟಿ ಮುಗೀತು. ಕಳೆ ಕೀಳದು ಅದೆ ಅಂದೆ. ಅದೂ ಆಯ್ತು. ಗೌರಿ ಹಬ್ಬ ಕಳೀಲಿ ಅಂದೆ. ಆಮೇಕೆ ಅವ್ರೇ ಸುಮ್ಕಾದ್ರು, ತಿಂಗ್ಳು ತುಂಬ್ತಾ ಬಂದಿತ್ತು." ತಂಗಿಯ ಹೊಟ್ಟೆಯ ಮೇಲೆ ಕೈಯಿಟ್ಟು, "ಸಂಕ್ರಾಂತಿ ಆದ್ಮೇಲೆ ಇವ್ಳು ಹುಟ್ಟುದ್ಲು" ಅಂದರು.

ಫೋನ್ ಇಡುತ್ತೇನೆಂದು ಅವರು ಯಾಕೆ ಹೇಳಿದ್ದರೆಂಬುದು ನಮಗೆ ಪೂರ್ತಿ ತಿಳಿದದ್ದು ಅವತ್ತು. ತಂಗಿ ಅವ್ವನ ಮಡಿಲಲ್ಲಿ ತಲೆಯಿಟ್ಟು ಬಹಳ ಹೊತ್ತು ಅತ್ತಳು. ನಾನು ಅಡುಗೆಮನೆಗೆ ಹೋಗಿ ಕಾಫಿಗಿಟ್ಟೆ.

ಡಿಸೆಂಬರಿನ ಮೊದಲ ವಾರ ಮಗು ಹುಟ್ಟಿತು. ಊರಿನಿಂದ ಒಂದರ ಹಿಂದೊಂದು ಫೋನು: "ಅಂತೂ ನಿಮ್ಮನೇಗೆ ಗಂಡಾಯ್ತಲ್ಲ!" ಅವ್ವ ಒಬ್ಬೊಬ್ಬರಿಗೂ ಅದೇ ಉತ್ತರ ಕೊಟ್ಟರು: "ಮಗು ಚೆನ್ನಾಗದೆ, ತಾಯಿ ಚೆನ್ನಾಗವ್ಳೆ." ಅದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ. ತಂಗಿಯ ಗಂಡನಿಗೆ ಮುಂದಿನ ವರ್ಷ ಕೆಲಸ ಸಿಕ್ಕಿತು. ಚೀಟಿಗಳನ್ನು ಅವನೇ ಒಂದು ಪುಸ್ತಕಕ್ಕೆ ಅಂಟಿಸಿ ಇಟ್ಟಿದ್ದಾನೆ, ಬರೆದವರಿಗೆ ಆಗಾಗ ನೆನಪಿಸುತ್ತಾನೆ. ಪೋರ್ಟೊರಿಕೊದ ನೆರೆಯಾಕೆ ಕಳೆದ ಬೇಸಿಗೆಯಲ್ಲಿ ಮಗುವನ್ನು ನೀರಿಗೆ ಇಳಿಸಿದರು. ಹೋಳಿಗೆ, ಹೂವು, ಲೆಗ್ ಸ್ಪಿನ್ ಎಲ್ಲ ಇನ್ನೂ ಬಾಕಿ ಇವೆ.

ಆ ಕೂಟದ ಫೋಟೊಗಳನ್ನು ನೋಡಿದವರು ಈಗಲೂ ನನ್ನನ್ನು ಕೇಳುತ್ತಾರೆ, ಕಡಿಮೆ ಖರ್ಚಿನಲ್ಲಿ ಹೇಗೆ ಮಾಡಿದಿರಿ ಎಂದು. ಇಲ್ಲಿರುವವರಿಗೆ ಹೇಳುವುದು ಇಷ್ಟು: ತಂಡ ಮಾಡಬೇಡಿ, ಏನನ್ನೂ ಸಿಡಿಸಬೇಡಿ, ಹೊಗೆ ಬಿಡಬೇಡಿ, ತಿನ್ನುವ ವಸ್ತುವಿನಲ್ಲೇ ಬಣ್ಣ ಇಡಿ, ಬಣ್ಣ ಕಾಣುವ ಮೊದಲೇ ಚೀಟಿ ಬರೆಸಿ. ಬೆಂಗಳೂರು, ಮೈಸೂರುಗಳಿಂದಲೂ ಕೆಲವರು ಕೇಳಿದ್ದಾರೆ. ನಮ್ಮ ಗೆಳತಿಯರೇ, ಓದಿದವರೇ, ನಮ್ಮಲ್ಲಿ ಯಾರೂ ಹಾಗಿಲ್ಲ ಎನ್ನುವವರೇ. ಅವರಿಗೆ ನನ್ನ ಕೋರಿಕೆ ಬೇರೆ. ಸ್ಕ್ಯಾನಿಂಗ್ ಕೋಣೆಯಲ್ಲಿ ಆ ಪ್ರಶ್ನೆ ಕೇಳಬೇಡಿ, ಪರಿಚಯದ ಡಾಕ್ಟರ ಹತ್ತಿರವೂ ಕೇಳಬೇಡಿ. ಏಳನೇ ತಿಂಗಳಲ್ಲೋ ಒಂಬತ್ತನೇ ತಿಂಗಳಲ್ಲೋ ಹೇಗೂ ಸೀಮಂತ ಮಾಡುತ್ತೀರಿ. ಬಂದವರ ಕೈಗೆ ಅಂದೇ ಪೆನ್ನು ಕೊಡಿ, ಈ ಮಗುವಿಗೆ ನೀವೇನು ಕಲಿಸುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳಿ, ಬರೆಯಲು ಬಾರದವರ ಪಕ್ಕದಲ್ಲಿ ಕೂತು ಬರೆದು ಕೊಡಿ. ಕರ್ಜಿಕಾಯಿಯನ್ನೂ ಮಾಡಿ, ಹೂರಣಕ್ಕೆ ಮಾತ್ರ ಬಣ್ಣ ಹಾಕಬೇಡಿ.